ಹಿಂದಿನಿಂದ ಗುದ್ದಿದರೆ ತಪ್ಪು ಯಾರದು?

ನಮ್ಮ ರಸ್ತೆಯಲ್ಲಿ ಎರಡು ಗಾಡಿ ಒಂದಕ್ಕೊಂದು ತಾಗಿದರೆ ತೀರ್ಪಿಗೆ ಜಾಸ್ತಿ ಹೊತ್ತು ಬೇಕಾಗಿಲ್ಲ. ಡ್ರೈವರ್ ಬಾಗಿಲು ತೆಗೆದು ಇಳಿಯುವಷ್ಟರಲ್ಲಿ ಪಕ್ಕದ ಬೈಕಿನವರೋ, ಬೀಡಾ ಅಂಗಡಿಯವರೋ ಹೇಳಿಬಿಟ್ಟಿರುತ್ತಾರೆ: "ಹಿಂದೆ ಬಂದು ಗುದ್ದಿದ್ದು ಅಂದ್ಮೇಲೆ ಮುಗೀತಲ್ಲ, ಹಿಂದಿನವರದ್ದೇ ತಪ್ಪು." ಇದರ ಜೊತೆಗೆ ಎಲ್ಲೂ ಬರೆದಿಡದ ಇನ್ನೂ ಕೆಲವು ಕಾನೂನುಗಳಿವೆ. ಕಾರಿಗೂ ಬೈಕಿಗೂ ಆದರೆ ಕಾರಿನವರದ್ದು ತಪ್ಪು. ಲಾರಿಗೂ ಕಾರಿಗೂ ಆದರೆ ಲಾರಿಯವನದ್ದು. ಹೊರ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಅವರದ್ದು. ಹೆಂಗಸು ಸ್ಟಿಯರಿಂಗ್ ಹಿಡಿದಿದ್ದರಂತೂ ಕೇಳೋದೇ ಬೇಡ.

ಇವುಗಳಲ್ಲಿ ಮೊದಲನೆಯದು ಮಾತ್ರ ನಿಜವಾದ ಕಾನೂನಿಗೆ ಹತ್ತಿರ ಇದೆ. ಅದಕ್ಕೇ ಅದು ನನ್ನನ್ನು ಜಾಸ್ತಿ ಕಾಡುತ್ತದೆ. ಉಳಿದವನ್ನು ಪೂರ್ವಗ್ರಹ ಅಂತ ತಳ್ಳಿಹಾಕಬಹುದು. ಇದು ಹಾಗಲ್ಲ, ಬಹುತೇಕ ಸಲ ಇದು ಸರಿಯೇ. ಆದರೆ ಬಹುತೇಕ ಸಲ ಸರಿ ಇರುವ ಮಾತನ್ನು ಜನ ಪ್ರತಿ ಸಲಕ್ಕೂ ಹಿಡಿದುಕೊಂಡರೆ, ನಡುವೆ ಸಿಕ್ಕಿಕೊಂಡವರ ಮಾತು ಕೇಳುವವರೇ ಇರುವುದಿಲ್ಲ. ಇದೇನು ಅಪರೂಪದ ವಿಷಯವೂ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಆ ವರ್ಷ ಅಪಘಾತಗಳ ಬಗೆಗಳಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಹಿಂದಿನಿಂದ ಗುದ್ದುವುದೇ. ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು.

ಹಾಗಾದರೆ ತಪ್ಪು ಯಾರದು ಅಂತ ನಿರ್ಧಾರ ಮಾಡುವುದು ಹೇಗೆ? ನಾನು ಇದನ್ನು ಯೋಚಿಸಲು ಶುರು ಮಾಡಿದ್ದು ಹೆಬ್ಬಾಳದ ಫ್ಲೈಓವರ್ ಇಳಿಜಾರಿನಲ್ಲಿ.

ಎಷ್ಟು ಸಲ ಸದ್ದು ಕೇಳಿಸಿತು?

ಬೆಳಿಗ್ಗೆ ಆಫೀಸಿನ ಹೊತ್ತು. ಊರೊಳಗೆ ಬರುವ ಕಡೆಗೆ ಇಳಿಯುತ್ತಿದ್ದೆ. ಆ ಜಾಗ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಗಾಡಿಗಳು ಸ್ವಲ್ಪ ಓಡುತ್ತವೆ, ಥಟ್ಟನೆ ನಿಲ್ಲುತ್ತವೆ, ಮತ್ತೆ ಓಡುತ್ತವೆ. ಮುಂದಿನ ಬಿಳಿ ಕಾರು ನಿಂತಿತು. ನಾನೂ ನಿಂತೆ. ನಡುವೆ ಜಾಗ ಇತ್ತು, ಮುಂದಿನ ಕಾರಿನ ಹಿಂದಿನ ಚಕ್ರ ರಸ್ತೆಗೆ ತಾಗುವುದು ನನಗೆ ಕಾಣುತ್ತಿತ್ತು. ಆಮೇಲೆ ಹಿಂದಿನಿಂದ ಧಡ್ ಅಂತ ಹೊಡೆತ. ನನ್ನ ಕಾರು ಮುಂದಕ್ಕೆ ಚಿಮ್ಮಿ ಬಿಳಿ ಕಾರಿಗೆ ಬಡಿಯಿತು. ಸೀಟಿನ ಪಕ್ಕದಲ್ಲಿಟ್ಟಿದ್ದ ನೀರಿನ ಬಾಟಲಿ ಪೆಡಲ್ ಹತ್ತಿರ ಉರುಳಿತ್ತು. ಅದನ್ನು ಎತ್ತಿಟ್ಟು ತಲೆ ಎತ್ತುವಷ್ಟರಲ್ಲಿ ಬಿಳಿ ಕಾರಿನ ಯಜಮಾನರು ನನ್ನ ಕಿಟಕಿಯ ಹತ್ತಿರ ನಿಂತಿದ್ದರು.

"ನೋಡ್ಕೊಂಡು ಓಡಿಸೋಕಾಗಲ್ವೇನ್ರೀ?"

ಹಿಂದೆ ತೋರಿಸಿದೆ. ಅಲ್ಲೊಂದು ಹಳದಿ ಬೋರ್ಡಿನ ಕ್ಯಾಬ್ ಬಾನೆಟ್ ಮೇಲೆದ್ದು ನಿಂತಿತ್ತು. ಅದನ್ನು ನೋಡಿದರೂ ಅವರು ಒಪ್ಪಲಿಲ್ಲ. "ಅವನು ನಿಮಗೆ ಗುದ್ದಿರ್ಬಹುದು, ನನಗೆ ಗುದ್ದಿದ್ದು ನೀವು" ಅಂದರು. ನಿಂತು ನೋಡುತ್ತಿದ್ದ ಬೈಕಿನವರಲ್ಲಿ ಒಬ್ಬ "ಮೇಡಂ ಮೊದ್ಲು ಮುಂದೆ ಟಚ್ ಮಾಡಿದ್ರು, ಆಮೇಲೆ ಹಿಂದಿನವನು ಬಂದ" ಅಂದ. ಅವನು ಎಲ್ಲಿಂದ ನೋಡಿದನೋ ಗೊತ್ತಿಲ್ಲ. ಅವನ ದನಿಯಲ್ಲಿ ಮಾತ್ರ ಒಂದಿಷ್ಟೂ ಅನುಮಾನ ಇರಲಿಲ್ಲ. ನನಗೆ ಸಿಟ್ಟಿಗಿಂತ ಜಾಸ್ತಿ ಅಸಹಾಯಕತೆ ಆಯಿತು. ನಾನು ನಿಂತಿದ್ದೆ ಅನ್ನುವುದು ನನಗೆ ಗೊತ್ತು. ಅದಕ್ಕೆ ಸಾಕ್ಷಿ ಏನು?

ಸಾಕ್ಷಿ ಸಿಕ್ಕಿದ್ದು ಗ್ಯಾರೇಜಿನಲ್ಲಿ. ಇನ್ಶೂರೆನ್ಸ್ ಸರ್ವೇಯರ್ ಒಬ್ಬರು ಬಂದರು. ಐವತ್ತು ದಾಟಿದ ಮನುಷ್ಯ. ಜಾಸ್ತಿ ಮಾತಿಲ್ಲ, ಕಾರಿನ ಸುತ್ತ ಒಂದು ಸುತ್ತು ಹಾಕಿ ಮುಂದಿನ ಬಂಪರ್ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಆಮೇಲೆ ಕೇಳಿದರು: "ಮುಂದಿನ ಗಾಡಿಯವರಿಗೆ ಎಷ್ಟು ಸಲ ಸದ್ದು ಕೇಳಿಸ್ತಂತೆ ಮೇಡಂ?"

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮೂರು ಗಾಡಿ ಸಾಲಾಗಿ ಗುದ್ದಿಕೊಂಡಾಗ ನಡುವಿನ ಗಾಡಿ ತಾನೇ ಮೊದಲು ಮುಂದಿನದಕ್ಕೆ ಬಡಿದಿದ್ದರೆ, ಮುಂದೆ ಕೂತವರಿಗೆ ಸಾಮಾನ್ಯವಾಗಿ ಎರಡು ಹೊಡೆತ ಗೊತ್ತಾಗುತ್ತದೆ. ನಡುವಿನದು ಬಡಿದಾಗ ಒಂದು, ಮೂರನೆಯದು ಬಂದು ತಳ್ಳಿದಾಗ ಇನ್ನೊಂದು. ನಡುವಿನ ಗಾಡಿ ಸರಿಯಾಗಿ ನಿಂತಿದ್ದು, ಹಿಂದಿನವರು ತಳ್ಳಿದ್ದರಿಂದಷ್ಟೇ ಮುಂದಕ್ಕೆ ಹೋಗಿದ್ದರೆ ಒಂದೇ ಹೊಡೆತ. ಬಿಳಿ ಕಾರಿನವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಒಂದೇ ಸಲ ಕಣ್ರೀ, ಕುತ್ತಿಗೆ ಹಿಡ್ಕೊಳ್ಳೋ ಹಾಗೆ" ಅಂದರು. ಅದನ್ನು ಹೇಳುವಾಗ ಅವರಿಗೆ ಅದರ ಅರ್ಥ ಗೊತ್ತಿರಲಿಲ್ಲ. ಅದಕ್ಕೇ ಆ ಮಾತಿಗೆ ಬೆಲೆ.

ಸರ್ವೇಯರ್ ಇನ್ನೂ ಎರಡು ವಿಷಯ ತೋರಿಸಿದರು. ಒಂದು, ನನ್ನ ಕಾರಿನ ಹಿಂದಿನ ಏಟು ಮುಂದಿನ ಏಟಿಗಿಂತ ತುಂಬಾ ಜೋರಾಗಿತ್ತು. ಡಿಕ್ಕಿ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು, ಮುಂದೆ ಬಂಪರ್ ಬಿರುಕು ಬಿಟ್ಟಿತ್ತು ಅಷ್ಟೆ. ಇನ್ನೊಂದು, ಬಂಪರಿನ ಗೀರಿನ ಎತ್ತರ. ಓಡುವ ಕಾರಿಗೆ ಬ್ರೇಕ್ ಒತ್ತಿ ಹಿಡಿದಾಗ ಅದರ ಮೂತಿ ಕೆಳಕ್ಕೆ ಬಾಗುತ್ತದೆ. ಹಾಗೆ ಬಾಗಿದ ಕಾರು ಮುಂದಿನದಕ್ಕೆ ಬಡಿದರೆ ಏಟು ಸ್ವಲ್ಪ ಕೆಳಗೆ ಬೀಳುತ್ತದೆ. ನನ್ನ ಕಾರಿನ ಗೀರು ಮತ್ತು ಬಿಳಿ ಕಾರಿನ ಫೋಟೋದಲ್ಲಿದ್ದ ಗೀರು ಎರಡೂ ಇರಬೇಕಾದ ಎತ್ತರದಲ್ಲೇ ಇದ್ದವು. "ನಿಂತ ಗಾಡಿಯನ್ನ ತಳ್ಳಿದ್ದಾರೆ" ಅಂತ ಅವರು ಬರೆದುಕೊಂಡರು.

ಅವತ್ತು ನನಗೆ ಆದ ಸಮಾಧಾನ ದುಡ್ಡಿನದ್ದಲ್ಲ. ತಪ್ಪು ಯಾರದು ಅನ್ನುವುದನ್ನು ದನಿ ಏರಿಸದೆ, ಮುಖ ನೋಡದೆ, ತಗಡು ನೋಡಿ ಹೇಳಬಹುದು ಅಂತ ಗೊತ್ತಾಯಿತಲ್ಲ, ಅದರದ್ದು. ಇಂಥ ಕಲೆ ಇನ್ನೂ ಎಷ್ಟೋ ಇವೆ. ಹಳೆಯ ಬಗೆಯ ಬಲ್ಬಿನ ಬ್ರೇಕ್ ಲೈಟ್ ಇದ್ದರೆ, ಗುದ್ದಿದ ಹೊತ್ತಿಗೆ ಅದು ಉರಿಯುತ್ತಿತ್ತಾ ಅಂತ ಒಳಗಿನ ತಂತಿ ನೋಡಿ ಹೇಳುವವರಿದ್ದಾರೆ. ಕಾದು ಕೆಂಪಾಗಿರುವ ತಂತಿ ಹೊಡೆತಕ್ಕೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಆರಿದ್ದ ತಂತಿ ಹಾಗೆ ಬಗ್ಗುವುದಿಲ್ಲ, ಮುರಿದರೂ ನೇರಕ್ಕೆ ಮುರಿಯುತ್ತದೆ. ಎಲ್‌ಇಡಿ ಬಂದ ಮೇಲೆ ಆ ಸಾಕ್ಷಿ ಹೋಯಿತು, ಅದರ ಜಾಗಕ್ಕೆ ಡ್ಯಾಶ್‌ಕ್ಯಾಮ್ ಬಂದಿದೆ.

ಕ್ಯಾಬ್ ಹುಡುಗ ಹೇಳಿದ್ದು

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಿಂದಿನವನದ್ದೇ ತಪ್ಪು, ನನ್ನದಲ್ಲ, ಮುಗೀತು. ಆದರೆ ಆ ಹಿಂದಿನವನು ಅವತ್ತು ಫ್ಲೈಓವರ್ ಮೇಲೆ ಕೈಮುಗಿದುಕೊಂಡು ಹೇಳಿದ ಮಾತು ಕಿವಿಯಲ್ಲೇ ಉಳಿದಿದೆ. ರಾಯಚೂರು ಕಡೆಯ ಹುಡುಗ. "ಮೇಡಮ್ಮಾರ, ನಾ ಗ್ಯಾಪ್ ಇಟ್ಕೊಂಡೇ ಬರಾಕತ್ತಿದ್ದೆ. ಒಂದ್ ಆಟೋ ನಡುವ ತೂರ್ದ. ತೂರಿ ಬ್ರೇಕ್ ಹಾಕ್ದ, ಮತ್ತ ಎಡಕ್ಕ ಎಳ್ಕೊಂಡ್ ಹೋಗಿಬಿಟ್ಟ. ನಂಗ ನಿಮ್ ಗಾಡಿ ಕಾಣೋದ್ರಾಗ…"

ಆ ಆಟೋವನ್ನು ನಾನು ನೋಡಿಲ್ಲ. ಬಿಳಿ ಕಾರಿನವರೂ ನೋಡಿಲ್ಲ. ಆದರೆ ಆ ರಸ್ತೆಯಲ್ಲಿ ಓಡಾಡುವ ಯಾರಿಗೂ ಅದು ಸುಳ್ಳು ಅಂತ ಥಟ್ಟನೆ ಅನ್ನಿಸುವುದಿಲ್ಲ. ನಾವು ಬಿಟ್ಟ ಜಾಗ ನಮಗೆ ಉಳಿಯುವುದಿಲ್ಲ ಅನ್ನುವುದು ನಮ್ಮೆಲ್ಲರ ದಿನನಿತ್ಯದ ಅನುಭವ. ಒಂದು ಕಾರು ಹಿಡಿಸುವಷ್ಟು ಜಾಗ ಬಿಟ್ಟರೆ ಅಲ್ಲಿಗೆ ಕಾರು ಬರುತ್ತದೆ. ಅರ್ಧ ಬಿಟ್ಟರೆ ಆಟೋ. ಅದಕ್ಕೂ ಕಡಿಮೆ ಬಿಟ್ಟರೆ ಎರಡು ಬೈಕು. ಹಾಗೆ ಬಂದವರು ನಮಗೆ ಅಪಾಯ ತಂದಿಟ್ಟು ತಾವು ಎಡಕ್ಕೋ ಬಲಕ್ಕೋ ಜಾರಿಕೊಂಡರೆ, ಮಹಜರಿನಲ್ಲಿ ಅವರ ಗೀರೂ ಇಲ್ಲ, ನಂಬರೂ ಇಲ್ಲ. ಉಳಿಯುವವರು ಗುದ್ದಿದವರು ಮತ್ತು ಗುದ್ದಿಸಿಕೊಂಡವರು.

ಆ ಹುಡುಗನಿಗೆ ಕೇಸಿನ ಭಯ ಇತ್ತು, ಅದಕ್ಕಿಂತ ಜಾಸ್ತಿ ಗಾಡಿ ಮಾಲೀಕರ ಭಯ ಇತ್ತು. ಗಾಡಿ ಅವನದ್ದಲ್ಲ. ಗ್ಯಾರೇಜಿನಲ್ಲಿ ನಿಂತಷ್ಟು ದಿನ ಅವನಿಗೆ ದುಡಿಮೆ ಇಲ್ಲ. ಅವನ ತಪ್ಪಿನ ಪಾಲು ಎಷ್ಟು ಅಂತ ಯಾರೂ ಅಳೆಯಲಿಲ್ಲ, ಆದರೆ ಅದರ ಬೆಲೆ ಪೂರ್ತಿ ಅವನ ಮೇಲೆ ಬಿತ್ತು.

ಕಾನೂನು ಏನನ್ನುತ್ತದೆ

ಕಾನೂನಿಗೆ ಇಲ್ಲಿ ಗೊಂದಲ ಕಡಿಮೆ. 1989ರ ರಸ್ತೆ ನಿಯಮಗಳಲ್ಲಿ 23ನೆಯದು ಇದರ ಬಗ್ಗೆಯೇ ಇತ್ತು. ಮುಂದಿನ ಗಾಡಿ ಥಟ್ಟನೆ ನಿಧಾನ ಮಾಡಿದರೂ, ನಿಂತೇಬಿಟ್ಟರೂ ಗುದ್ದದಷ್ಟು ದೂರವನ್ನು ಹಿಂದಿನವರು ಇಟ್ಟುಕೊಂಡಿರಬೇಕು. ಅಂದರೆ "ಅವರು ಸಡನ್ ಬ್ರೇಕ್ ಹಾಕಿದ್ರು" ಅನ್ನುವ ನೆಪವನ್ನು ಆ ನಿಯಮ ಮೊದಲೇ ಯೋಚಿಸಿ ಮುಚ್ಚಿಬಿಟ್ಟಿದೆ. ಸಡನ್ ಬ್ರೇಕ್ ಬೀಳುತ್ತದೆ ಅಂತಲೇ ಅಂತರ ಇರುವುದು. ಆದರೆ ಅದರ ಪಕ್ಕದಲ್ಲೇ 24ನೆಯ ನಿಯಮ ಇತ್ತು. ಸುರಕ್ಷತೆಗೆ ಬೇಕಾದ ಹೊರತು ಯಾರೂ ಥಟ್ಟನೆ ಬ್ರೇಕ್ ಹಾಕಬಾರದು ಅಂತ. ಜನರ ಬಾಯಲ್ಲಿ ಮೊದಲನೆಯದು ಉಳಿಯಿತು, ಎರಡನೆಯದು ಬಿದ್ದುಹೋಯಿತು. 2017ರಲ್ಲಿ ಹಳೆಯದರ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಹಿಂದಿನವರು ಅಂತರ ಕಾಯಬೇಕು ಅನ್ನುವ ಮಾತು ಅಲ್ಲಿಯೂ ಮುಂದುವರಿದಿದೆ.

ಮೊದಲ ನಿಯಮ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ನಿಶಾನ್ ಸಿಂಗ್ ಪ್ರಕರಣದ 2018ರ ಸುಪ್ರೀಂ ಕೋರ್ಟ್ ತೀರ್ಪು ನೋಡಬೇಕು. ಲಾರಿಯ ಹಿಂದೆ ಹೋಗುತ್ತಿದ್ದ ಮಾರುತಿ ಕಾರು ಅದಕ್ಕೆ ಗುದ್ದಿತ್ತು. ಲಾರಿಯವನು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದ ಅನ್ನುವುದು ಪರಿಹಾರ ಕೇಳಿದವರ ವಾದ. ಆದರೆ ಕಾರು ಲಾರಿಯ ಹಿಂದೆ 10-15 ಅಡಿ ದೂರದಲ್ಲಷ್ಟೇ ಇತ್ತು ಅಂತ ಸಾಕ್ಷಿಯಲ್ಲೇ ಬಂದಿತ್ತು. ಅದು ಸುರಕ್ಷಿತ ಅಂತರವೇ ಅಲ್ಲ ಅಂತ ಕೋರ್ಟ್ ಹೇಳಿತು, 23ನೆಯ ನಿಯಮವನ್ನು ಎತ್ತಿ ತೋರಿಸಿತು, ಲಾರಿಯವನ ನಿರ್ಲಕ್ಷ್ಯ ಸಾಬೀತಾಗಿಲ್ಲ ಅಂದಿತು.

ಆ 10-15 ಅಡಿ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಮೂರರಿಂದ ನಾಲ್ಕೂವರೆ ಮೀಟರ್. ಒಂದು ಸಣ್ಣ ಕಾರಿನ ಉದ್ದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ದಾಟುತ್ತದೆ. ಮುಂದೆ ಕೆಂಪು ದೀಪ ಹೊತ್ತಿತು ಅಂತ ಕಣ್ಣು ನೋಡಿ, ಕಾಲು ಬ್ರೇಕಿಗೆ ಹೋಗಿ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಯಿತು ಅಂದುಕೊಳ್ಳಿ. 25 ಮೀಟರ್ ಅಲ್ಲೇ ಮುಗಿಯಿತು, ಬ್ರೇಕ್ ಇನ್ನೂ ಕೆಲಸ ಶುರು ಮಾಡಿಲ್ಲ. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿದ್ದರೂ ಪೂರ್ತಿ ನಿಲ್ಲಲು ಮತ್ತೆ 20 ಮೀಟರ್ ಬೇಕು. ಮಳೆ ಬಂದಿದ್ದರೆ ಇನ್ನೂ ಜಾಸ್ತಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಹತ್ತಿರ ಹೋಗುವವರು ಸೆಕೆಂಡಿಗೆ 28 ಮೀಟರ್ ಕಳೆಯುತ್ತಿರುತ್ತಾರೆ. ಅಲ್ಲಿ ಮುಂದಿನ ಕಾರಿನ ನಂಬರ್ ಓದುವಷ್ಟು ಹತ್ತಿರ ಅಂಟಿಕೊಂಡು, ಲೈಟ್ ಮಿಣುಕಿಸುತ್ತಾ ಹೋಗುವವರನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವರ ತಪ್ಪು ಆಗಲೇ ಆಗಿಹೋಗಿರುತ್ತದೆ, ಗುದ್ದುವುದೊಂದು ಬಾಕಿ.

ಇಲ್ಲಿ ಜನ ಮರೆಯುವ ಒಂದು ಸೂಕ್ಷ್ಮ ಇದೆ. ಮುಂದಿನವರು ಬ್ರೇಕ್ ಹಾಕಿ ನಿಂತರೆ ಅವರಿಗೂ ನಿಲ್ಲಲು ದೂರ ಬೇಕು, ಅಷ್ಟು ನಮಗೂ ಸಿಗುತ್ತದೆ. ಆದರೆ ಅವರು ಬ್ರೇಕಿನಿಂದ ನಿಲ್ಲದೆ ಇನ್ನೊಂದು ಗಾಡಿಗೆ ಗುದ್ದಿ ನಿಂತರೆ ನಮಗೆ ಆ ದೂರ ಇಲ್ಲ. ಹಾಗಾಗಿ ಮುಂದಿನ ಗಾಡಿಯನ್ನಷ್ಟೇ ನೋಡಿ ಓಡಿಸಿದರೆ ಸಾಲದು, ಅದರ ಮುಂದಿನದನ್ನೂ ನೋಡಬೇಕು. ಬಸ್ಸಿನ ಹಿಂದೆ, ಟೆಂಪೋ ಹಿಂದೆ ಹೋಗುವಾಗ ಅದು ಕಾಣುವುದಿಲ್ಲ. ಕಾಣದಿದ್ದಾಗ ಅಂತರ ಜಾಸ್ತಿ ಆಗಬೇಕು. ನಾವು ಮಾಡುವುದು ಉಲ್ಟಾ.

ಕಿತ್ತುಕೊಂಡ ಜಾಗ

ಮತ್ತೆ ಆ ಆಟೋ. ಕಾನೂನಿನ ಉತ್ತರ ಹೀಗಿರುತ್ತದೆ: ಯಾರಾದರೂ ನಡುವೆ ನುಗ್ಗಿದರೆ ನೀವು ವೇಗ ಇಳಿಸಿ ಅಂತರವನ್ನು ಮತ್ತೆ ಕಟ್ಟಿಕೊಳ್ಳಬೇಕು. ಒಪ್ಪುತ್ತೇನೆ. ನುಗ್ಗಿ ಸ್ವಲ್ಪ ಹೊತ್ತಾಗಿದ್ದರೆ, ಅವರ ಹಿಂದೆ ಹತ್ತು ಸೆಕೆಂಡ್ ಅಂಟಿಕೊಂಡೇ ಹೋಗಿ ಗುದ್ದಿದರೆ, ಅದು ಹಿಂದಿನವರದ್ದೇ ತಪ್ಪು. ಆದರೆ ನುಗ್ಗಿದ್ದೂ ಬ್ರೇಕ್ ಹಾಕಿದ್ದೂ ಒಂದೇ ಉಸಿರಿನಲ್ಲಾದರೆ? ಅಂತರವನ್ನು ಮತ್ತೆ ಕಟ್ಟಿಕೊಳ್ಳಲು ಹೊತ್ತು ಬೇಕಲ್ವಾ? ಆ ಹೊತ್ತನ್ನೇ ಕಿತ್ತುಕೊಂಡವರು ತಪ್ಪಿನಲ್ಲಿ ಪಾಲುದಾರರು ಅಂತ ನನ್ನ ಅಭಿಪ್ರಾಯ. ಹಾಗಾಗಿ ಪ್ರಶ್ನೆ ಕೇಳಬೇಕಾದ್ದು ಬ್ರೇಕ್ ಬಿದ್ದ ಕ್ಷಣದ ಬಗ್ಗೆ ಅಲ್ಲ, ಅದಕ್ಕಿಂತ ಮೂರು-ನಾಲ್ಕು ಸೆಕೆಂಡ್ ಹಿಂದಿನದರ ಬಗ್ಗೆ. ಆಗ ಜಾಗ ಇತ್ತಾ? ಇದ್ದರೆ ಯಾರು ತುಂಬಿದರು? ಹುಡುಗನ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅದನ್ನು ಕೇಳಿಸಿಕೊಂಡು ಪರೀಕ್ಷೆ ಮಾಡುವ ವ್ಯವಧಾನ ಅಲ್ಲಿದ್ದ ಯಾರಿಗೂ ಇರಲಿಲ್ಲ ಅನ್ನುವುದು ಗೊತ್ತು. ಅವನ ಕ್ಯಾಬಿನಲ್ಲಿ ಒಂದು ಸಾಧಾರಣ ಡ್ಯಾಶ್‌ಕ್ಯಾಮ್ ಇದ್ದಿದ್ದರೆ ಆ ಮಾತಿಗೆ ಒಂದು ಕಾಲು ಸಿಗುತ್ತಿತ್ತು.

ಮುಂದಿನವರಿಗೂ ಹೊಣೆ ಇದೆ

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಕೊಯಮತ್ತೂರಿನ ಪ್ರಕರಣ. 2017ರ ಜನವರಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಹೆದ್ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ. ಮುಂದಿನ ಕಾರು ಇದ್ದಕ್ಕಿದ್ದಂತೆ ನಿಂತಿತು. ಬೈಕು ಅದಕ್ಕೆ ಗುದ್ದಿತು, ಹುಡುಗ ರಸ್ತೆಗೆ ಬಿದ್ದ, ಹಿಂದಿನಿಂದ ಬಂದ ಬಸ್ಸು ಅವನ ಮೇಲೆ ಹರಿಯಿತು. ಎಡಗಾಲನ್ನು ಕತ್ತರಿಸಬೇಕಾಯಿತು. ಕಾರು ಓಡಿಸುತ್ತಿದ್ದವರು ಹೇಳಿದ್ದು, ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು, ಅದಕ್ಕೆ ನಿಲ್ಲಿಸಿದೆ ಅಂತ.

ನಮ್ಮ ರಸ್ತೆಬದಿಯ ನ್ಯಾಯದಲ್ಲಾದರೆ ಇದು ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಹಿಂದಿನಿಂದ ಗುದ್ದಿದ್ದು ಬೈಕು, ಮತ್ತೇನು? ಮೊದಲು ವಿಚಾರಿಸಿದ ನ್ಯಾಯಮಂಡಳಿ ಕೂಡ ಕಾರಿನವರನ್ನು ಬಿಟ್ಟುಬಿಟ್ಟಿತ್ತು. ಹೈಕೋರ್ಟ್ ಅವರಿಗೆ ಶೇ. 40 ಪಾಲು ಹಾಕಿತು. ಸುಪ್ರೀಂ ಕೋರ್ಟ್ ಅದನ್ನು ಶೇ. 50ಕ್ಕೆ ಏರಿಸಿತು, ಬಸ್ಸಿನವರಿಗೆ 30, ಹುಡುಗನಿಗೆ 20. ಹೆದ್ದಾರಿ ಅಂದಮೇಲೆ ಗಾಡಿಗಳು ವೇಗದಲ್ಲಿ ಬರುತ್ತಿರುತ್ತವೆ, ನಿಲ್ಲಿಸಬೇಕಾದವರು ಹಿಂದಿನವರಿಗೆ ಸೂಚನೆ ಕೊಡಲೇಬೇಕು ಅನ್ನುವುದು ಕೋರ್ಟಿನ ಮಾತು. ಕಾರಿನವರ ಕಾರಣ ಮನುಷ್ಯ ಸಹಜವೇ, ಆದರೆ ಹೆದ್ದಾರಿಯ ನಡುವೆ ಹಾಗೆ ನಿಲ್ಲಲು ಅದು ಸಾಲದು ಅಂದರು. ಹುಡುಗನ 20 ಯಾಕೆ ಅಂದರೆ, ಅವನೂ ಸಾಕಷ್ಟು ಅಂತರ ಇಟ್ಟಿರಲಿಲ್ಲ, ಲೈಸೆನ್ಸೂ ಇರಲಿಲ್ಲ. ಪರಿಹಾರ ಒಟ್ಟು 1.14 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿ, ಅವನ ಪಾಲು ಕಳೆದು ಸುಮಾರು 91 ಲಕ್ಷ ಕೊಡಿಸಿದರು.

ನನಗೆ ಇಲ್ಲಿ ಇಷ್ಟವಾಗುವುದು ಕಾರಿನವರಿಗೆ ಶಿಕ್ಷೆ ಆಯಿತು ಅನ್ನುವುದಲ್ಲ. ತಪ್ಪನ್ನು ತುಂಡು ಮಾಡಿ ಹಂಚಬಹುದು ಅಂತ ತೋರಿಸಿದ್ದು. ಯಾರನ್ನೂ ಪೂರ್ತಿ ಬಿಡಲಿಲ್ಲ, ಯಾರ ಮೇಲೂ ಪೂರ್ತಿ ಹೇರಲಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಎರಡು ಗಾಡಿಯ ಡ್ರೈವರ್‌ಗಳ ತಪ್ಪಿನಿಂದ ಮೂರನೆಯವರಿಗೆ, ಅಂದರೆ ಸುಮ್ನೆ ಹಿಂದಿನ ಸೀಟಿನಲ್ಲಿ ಕೂತಿದ್ದವರಿಗೆ ಪೆಟ್ಟಾದರೆ, ಅವರ ಪರಿಹಾರದಲ್ಲಿ ಏನೂ ಕಳೆಯುವ ಹಾಗಿಲ್ಲ. ಯಾವುದಾದರೂ ಒಂದು ಕಡೆಯವರಿಂದಲೇ ಪೂರ್ತಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ತಪ್ಪಿನ ಪಾಲು ಎಷ್ಟೆಷ್ಟು ಅನ್ನುವ ಜಗಳ ಗಾಡಿಗಳ ಕಡೆಯವರು ಆಮೇಲೆ ಮಾಡಿಕೊಳ್ಳಲಿ.

ಕತ್ತಲಲ್ಲಿ ನಿಂತಿರುವುದು

ಊರೊಳಗಿನ ಗುದ್ದಾಟದಲ್ಲಿ ಹೋಗುವುದು ಬಂಪರು. ಹೆದ್ದಾರಿಯಲ್ಲಿ, ರಾತ್ರಿ, ಹೋಗುವುದು ಜೀವ. ತುಮಕೂರು ದಾಟಿ ಶಿರಾ, ಹಿರಿಯೂರು ಕಡೆ ರಾತ್ರಿ ಪ್ರಯಾಣ ಮಾಡಿದವರು ನೋಡಿರುತ್ತೀರಿ. ಢಾಬಾ ಎದುರು, ಸೇತುವೆ ಪಕ್ಕ, ಅರ್ಧ ಗಾಡಿ ರಸ್ತೆಯ ಮೇಲೇ ಇಟ್ಟುಕೊಂಡು ನಿಂತ ಲಾರಿಗಳು. ಪಾರ್ಕಿಂಗ್ ಲೈಟ್ ಇಲ್ಲ. ಹಿಂದೆ ಅಂಟಿಸಿದ ರಿಫ್ಲೆಕ್ಟರ್ ಟೇಪ್ ಧೂಳು ಮುಚ್ಚಿ ಸತ್ತುಹೋಗಿರುತ್ತದೆ. ಟೈರ್ ಪಂಕ್ಚರ್ ಆದರೆ ತ್ರಿಕೋನದ ಬದಲು ನಾಲ್ಕು ಕಲ್ಲು ಇಡುತ್ತಾರೆ, ಟೈರ್ ಬದಲಾಯಿಸಿ ಹೋಗುವಾಗ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ ಕಡೆ ಟ್ರ್ಯಾಕ್ಟರ್ ಟ್ರೈಲರುಗಳು ಬರುತ್ತವಲ್ಲ, ಹಿಂದಿನ ದೀಪ ಇದ್ದರೂ ಇಳಿಬಿದ್ದ ಕಬ್ಬಿನ ಗರಿಯಲ್ಲಿ ಮುಚ್ಚಿಹೋಗಿರುತ್ತದೆ. ಹತ್ತಿರ ಬರುವ ತನಕ ಅದು ಕತ್ತಲಿನ ಒಂದು ಭಾಗ ಅಷ್ಟೆ.

ಇಂಥದ್ದಕ್ಕೆ ಕಾರು ಹೋಗಿ ಬಡಿದರೆ ಅದೂ ಹಿಂದಿನಿಂದ ಗುದ್ದಿದ್ದೇ ತಾನೇ? ಅರ್ಚಿತ್ ಸೈನಿ ಪ್ರಕರಣ ಹೀಗೇ ಇತ್ತು. ರಾತ್ರಿ ಹೊತ್ತು ರಸ್ತೆಯ ನಡುವೆ ದೀಪ ಇಲ್ಲದೆ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿಗೆ ಕಾರು ಬಡಿದಿತ್ತು. ಎದುರಿನಿಂದ ಬರುವ ಗಾಡಿಗಳ ಬೆಳಕಿಗೆ ಟ್ಯಾಂಕರ್ ಕಾಣಿಸಲಿಲ್ಲ ಅಂತ ಸಾಕ್ಷಿ ಇತ್ತು. ಕಾರಿನವರದ್ದೂ ಅರ್ಧ ತಪ್ಪು ಅಂದಿತ್ತು ಹೈಕೋರ್ಟ್. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ತಪ್ಪು ಟ್ಯಾಂಕರಿನವನದ್ದು ಅಂತ ನ್ಯಾಯಮಂಡಳಿ ಹೇಳಿದ್ದನ್ನು ಎತ್ತಿಹಿಡಿಯಿತು. ಮೋಟಾರು ವಾಹನ ಕಾಯಿದೆಯ 122ನೇ ಕಲಂ ಕೂಡ ಇದನ್ನೇ ಹೇಳುತ್ತದೆ, ಬೇರೆಯವರಿಗೆ ಅಪಾಯ ಆಗುವ ಹಾಗೆ ಗಾಡಿಯನ್ನು ರಸ್ತೆಯಲ್ಲಿ ಬಿಡುವಂತಿಲ್ಲ.

ಲಾರಿಯ ಹಿಂದೆ ಕೆಳಗಡೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಗಮನಿಸಿದ್ದೀರಾ? ಕಾರು ಬಡಿದಾಗ ಲಾರಿಯ ಅಡಿಗೆ ನುಗ್ಗದಿರಲಿ ಅಂತ ಅದು. ಅದು ಇಲ್ಲದಿದ್ದರೆ ಬಾನೆಟ್ಟು ಕೆಳಗೆ ಹೋಗಿ, ಲಾರಿಯ ಹಲಗೆ ನೇರ ಗಾಜಿಗೆ, ತಲೆಯ ಎತ್ತರಕ್ಕೆ ಬರುತ್ತದೆ. ಏರ್‌ಬ್ಯಾಗೂ ಅಲ್ಲಿ ಜಾಸ್ತಿ ಪ್ರಯೋಜನಕ್ಕೆ ಬರುವುದಿಲ್ಲ. ತುಕ್ಕು ಹಿಡಿದು ಸೊಟ್ಟಗಾದ, ಒಂದು ಕಡೆ ಕಿತ್ತು ನೇತಾಡುವ ಆ ಪಟ್ಟಿಯನ್ನು ನೋಡಿದಾಗ ನನಗೆ ಗಾಡಿ ಮಾಲೀಕರ ಮೇಲೆ ನಿಜಕ್ಕೂ ಕೋಪ ಬರುತ್ತದೆ. ಗುದ್ದಿದ್ದು ಯಾರ ತಪ್ಪೇ ಇರಲಿ, ಒಳಗಿದ್ದವರು ಸತ್ತಿದ್ದಕ್ಕೆ ಆ ಪಟ್ಟಿಯೂ ಒಂದು ಕಾರಣ ಆಗಿರಬಹುದು. ಸ್ಥಳ ಮಹಜರು ಬರೆಯುವವರು ಅದನ್ನೂ ನೋಡಿ ಬರೆಯಬೇಕು.

ಸಣ್ಣ ಗುದ್ದಿನಲ್ಲಿ ಯಾಕೆ ತೀರ್ಮಾನ ಆಗುವುದಿಲ್ಲ

ದೊಡ್ಡ ಅಪಘಾತಕ್ಕೆ ಎಫ್‌ಐಆರ್ ಇದೆ, ನಕ್ಷೆ ಇದೆ, ಮೋಟಾರು ವಾಹನ ಇನ್‌ಸ್ಪೆಕ್ಟರ್ ವರದಿ ಇದೆ, ನ್ಯಾಯಮಂಡಳಿ ಇದೆ. ಸಣ್ಣ ಗುದ್ದಿಗೆ ಏನೂ ಇಲ್ಲ. ಕಾರಣ ಸರಳ, ಇನ್ಶೂರೆನ್ಸಿಗೆ ತಪ್ಪು ಯಾರದು ಅಂತ ತಿಳಿಯುವ ಅಗತ್ಯವೇ ಇಲ್ಲ. ನಮ್ಮ ಗಾಡಿಯ ರಿಪೇರಿಗೆ ನಮ್ಮ ಪಾಲಿಸಿಯಲ್ಲೇ ಕ್ಲೇಮ್ ಮಾಡುತ್ತೇವೆ, ಗುದ್ದಿದವರಿಂದ ವಸೂಲಿ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಎದುರು ಪಾರ್ಟಿಯ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಮ್ಮ ಗಾಡಿಯ ನಷ್ಟಕ್ಕೆ 7.5 ಲಕ್ಷದ ತನಕ ಅವಕಾಶ ಇದೆ. ಆದರೆ ಅದಕ್ಕೆ ನ್ಯಾಯಮಂಡಳಿಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು. ಒಂದು ಡಿಕ್ಕಿ ಬಾಗಿಲಿಗಾಗಿ ಯಾರು ವರ್ಷಗಟ್ಟಲೆ ಅಲೆಯುತ್ತಾರೆ?

ಹಾಗಾಗಿ ನನ್ನ ವಿಷಯದಲ್ಲೂ ಅದೇ ಆಯಿತು. ನಿಂತ ಗಾಡಿಯನ್ನು ತಳ್ಳಿದ್ದಾರೆ ಅಂತ ಸರ್ವೇಯರ್ ಬರೆದರು, ಕ್ಲೇಮ್ ನನ್ನ ಪಾಲಿಸಿಯಿಂದಲೇ ಬಂತು, ಆ ವರ್ಷದ ನೋ ಕ್ಲೇಮ್ ಬೋನಸ್ ಹೋಯಿತು. ಕ್ಲೇಮ್ ಮಾಡದೆ ಐದು ವರ್ಷ ಬಂದವರಿಗೆ ಆ ರಿಯಾಯಿತಿ ಶೇ. 50ರ ತನಕ ಇರುತ್ತದೆ, ಒಂದು ಕ್ಲೇಮಿಗೆ ಎಲ್ಲ ಹೋಗಿ ಮೊದಲಿನಿಂದ ಶುರು. ತಪ್ಪಿಲ್ಲದವರೂ ಕಳೆದುಕೊಳ್ಳುತ್ತಾರೆ, ತಪ್ಪು ಮಾಡಿದವರೂ ಅಷ್ಟೇ ಕಳೆದುಕೊಳ್ಳುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇದೆ. ಅಂಟಿಕೊಂಡು ಓಡಿಸಿದವರಿಗೆ, ನಡುವೆ ನುಗ್ಗಿದವರಿಗೆ, ಬ್ರೇಕ್ ಲೈಟ್ ಹೋಗಿ ತಿಂಗಳಾದರೂ ಹಾಕಿಸದವರಿಗೆ, ಇದು ನಿಮ್ಮಿಂದ ಆಯಿತು ಅಂತ ಯಾರೂ ಲೆಕ್ಕ ಹಾಕಿ ಹೇಳುವುದೇ ಇಲ್ಲ. ಆರ್‌ಟಿಒ ಟೆಸ್ಟಿನಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ತೆಗೆಸುತ್ತಾರೆ. ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು ಅನ್ನುವುದನ್ನು ರಸ್ತೆಯಲ್ಲಿ ಓಡಿಸಿ ತೋರಿಸಿ ಅಂತ ನನ್ನನ್ನಂತೂ ಯಾರೂ ಕೇಳಿರಲಿಲ್ಲ.

ಈಗ ಪರಿಚಯದವರಿಗೆ ಯಾರಿಗಾದರೂ ಗುದ್ದಿದರೆ ನನಗೆ ಫೋನ್ ಬರುತ್ತದೆ. ನಾನು ಹೇಳುವುದು ಇಷ್ಟೇ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು ಅವರನ್ನು ನೋಡಿ. ಇಲ್ಲವಾದರೆ, ಜಾಗ ಸುರಕ್ಷಿತವಾಗಿದ್ದರೆ, ಗಾಡಿ ಸರಿಸುವ ಮೊದಲು ದೂರದಿಂದ ಎರಡು ಫೋಟೋ ತೆಗೀರಿ, ಲೇನಿನ ಗೆರೆ ಮತ್ತು ಎಲ್ಲ ಗಾಡಿಗಳು ಒಂದೇ ಚಿತ್ರದಲ್ಲಿ ಬರುವ ಹಾಗೆ. ಎಲ್ಲರೂ ಬಂಪರಿನ ಹತ್ತಿರದ ಫೋಟೋ ತೆಗೆಯುತ್ತಾರೆ, ಅದರಿಂದ ಗೊತ್ತಾಗುವುದು ಕಡಿಮೆ. ರಸ್ತೆ ಮೇಲೆ ಬಿದ್ದ ಗಾಜಿನ ಚೂರು, ಟೈರಿನ ಕಪ್ಪು ಗುರುತು ಬಿಡಬೇಡಿ. ಬ್ರೇಕ್ ಒತ್ತಿಸಿ ಮುಂದಿನ ಗಾಡಿಯ ದೀಪ ಹೊತ್ತುತ್ತಾ ಅಂತ ವಿಡಿಯೋ ಮಾಡಿಕೊಳ್ಳಿ, ರಿಪೇರಿ ಆದಮೇಲೆ ಅದು ಸಿಗುವುದಿಲ್ಲ. ಮೂರು ಗಾಡಿ ಇದ್ದರೆ ಮುಂದಿನವರನ್ನು, ಜಗಳ ಶುರುವಾಗುವ ಮೊದಲೇ, ಎಷ್ಟು ಸಲ ಸದ್ದು ಕೇಳಿಸಿತು ಅಂತ ಕೇಳಿ. ಹಿಂದಿನ ಗಾಡಿಯ ಡ್ರೈವರ್ ಏನೋ ಹೇಳುತ್ತಿದ್ದರೆ ಅದನ್ನೂ ಪೂರ್ತಿ ಕೇಳಿಸಿಕೊಂಡು, ದಾರಿಯಲ್ಲಿ ಯಾವ ಅಂಗಡಿಯ ಸಿಸಿಟಿವಿ ಆ ಕಡೆ ತಿರುಗಿದೆ ಅಂತ ಅವತ್ತೇ ನೋಡಿ. ಎಷ್ಟೋ ಕಡೆ ಕೆಲವು ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದುಬಿಡುತ್ತದೆ.